ಯಾವ ಊರಿನ ಮನಸ್ಸು?

ನಮ್ಮ ಆಫೀಸುಗಳಲ್ಲಿ ಈಗ ಮನಃಶಾಸ್ತ್ರದ ಬಗ್ಗೆ ಮಾತಾಡದವರೇ ಇಲ್ಲ. ಲೀಡರ್‌ಶಿಪ್ ಟ್ರೈನಿಂಗ್ ಅಂತ ಒಂದು ದಿನ ಕೂರಿಸಿದರೆ ಮಧ್ಯಾಹ್ನದ ಊಟದೊಳಗೆ ನಾಲ್ಕು ಸಲವಾದರೂ ‘ಸಂಶೋಧನೆ ಹೇಳುತ್ತೆ’ ಅನ್ನೋ ಮಾತು ಬರುತ್ತೆ. ಮನುಷ್ಯ ಹೀಗೆ ಯೋಚಿಸ್ತಾನೆ, ಮನುಷ್ಯ ಇಂಥ ಕಡೆ ಎಡವ್ತಾನೆ. ಸ್ಲೈಡಿನ ಮೇಲೆ ಬಾರ್ ಚಾರ್ಟ್ ಇರುತ್ತೆ, ಪ್ರೊಫೆಸರ ಹೆಸರಿರುತ್ತೆ, ಯೂನಿವರ್ಸಿಟಿ ಹೆಸರಿರುತ್ತೆ. ಆ ‘ಮನುಷ್ಯ’ ಯಾವ ಊರಿನವನು ಅನ್ನೋದೊಂದು ಮಾತ್ರ ಇರಲ್ಲ.

ಇದು ಬರೀ ಟ್ರೈನಿಂಗ್ ಕೊಡೋರ ಸೋಮಾರಿತನ ಅಲ್ಲ. 2008ರಲ್ಲಿ ಜೆಫ್ರಿ ಆರ್ನೆಟ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞ ತಮ್ಮದೇ ದೇಶದ ಮುಖ್ಯ ಜರ್ನಲ್‌ಗಳ ಐದು ವರ್ಷದ ಲೇಖನಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರು. ಪ್ರಯೋಗಕ್ಕೆ ಒಳಗಾದವರಲ್ಲಿ ಶೇಕಡ 68ರಷ್ಟು ಮಂದಿ ಅಮೆರಿಕದವರು. ಯುರೋಪು ಮುಂತಾದ ಮುಂದುವರಿದ ಪಾಶ್ಚಾತ್ಯ ದೇಶಗಳನ್ನೆಲ್ಲ ಸೇರಿಸಿದರೆ ಶೇಕಡ 96. ಎರಡು ವರ್ಷದ ನಂತರ, 2010ರಲ್ಲಿ, ಜೋಸೆಫ್ ಹೆನ್ರಿಕ್ ಮತ್ತು ಇಬ್ಬರು ಜೊತೆಗಾರರು ಈ ಜನಕ್ಕೆ ಒಂದು ಅಡ್ಡಹೆಸರಿಟ್ಟರು. ಪಾಶ್ಚಾತ್ಯರು, ಓದಿದವರು, ಕೈಗಾರಿಕಾ ದೇಶದವರು, ದುಡ್ಡಿದ್ದವರು, ಪ್ರಜಾಪ್ರಭುತ್ವದಲ್ಲಿರುವವರು – ಈ ಐದೂ ಮಾತಿನ ಇಂಗ್ಲಿಷ್ ಮೊದಲಕ್ಷರ ಸೇರಿದರೆ ‘ವಿಯರ್ಡ್’, ಅಂದ್ರೆ ವಿಚಿತ್ರ. ಜಗತ್ತಿನ ಜನರ ಪೈಕಿ ವಿಚಿತ್ರವಾಗಿರೋರೇ ನಮ್ಮ ಪಠ್ಯಪುಸ್ತಕದ ‘ಸಾಮಾನ್ಯ ಮನುಷ್ಯ’ ಆಗಿ ಕೂತಿದ್ದಾರೆ ಅನ್ನೋದು ಅವರ ವಾದ.

ಇಷ್ಟು ಓದಿದ ತಕ್ಷಣ ನಮ್ಮಂಥವರಿಗೆ ಒಂದು ಸುಲಭದ ಉತ್ತರ ಹೊಳೆಯುತ್ತೆ. ಸರಿ, ಹಾಗಾದ್ರೆ ಹಳ್ಳಿಗೆ ಬನ್ನಿ, ನಿಮ್ಮ ಪ್ರಯೋಗ ಇಲ್ಲೇ ಮಾಡಿ, ನಿಜ ಗೊತ್ತಾಗುತ್ತೆ ಅಂತ. ನನ್ನ ತಕರಾರು ಈ ಉತ್ತರದ ಮೇಲೆ. ಊರು ಬದಲಾಯಿಸಿದರೆ ದೋಷ ಹೋಗಲ್ಲ, ದೋಷವೂ ಬದಲಾಗುತ್ತೆ. ಪ್ರತಿಯೊಂದು ಜಾಗವೂ ಏನೋ ಒಂದು ಕೊಟ್ಟು ಇನ್ನೊಂದನ್ನು ಕಿತ್ಕೊಳ್ಳುತ್ತೆ. ಒಳ್ಳೆಯ ಸಂಶೋಧನೆ, ಕೆಟ್ಟ ಸಂಶೋಧನೆ ಅಂತ ವ್ಯತ್ಯಾಸ ಇರೋದು ಕೊಟ್ಟದ್ದೇನು, ಕಿತ್ಕೊಂಡದ್ದೇನು ಅಂತ ಲೆಕ್ಕ ಒಪ್ಪಿಸೋದರಲ್ಲಿ.

ನಮ್ಮಲ್ಲಿ ತುಂಬ ಜನ ಓದಿರೋ ಪುಸ್ತಕದಿಂದಲೇ ಶುರು ಮಾಡೋಣ. ಸೆಂಧಿಲ್ ಮುಲ್ಲೈನಾಥನ್ ಮತ್ತು ಎಲ್ಡರ್ ಶಫೀರ್ ಬರೆದ ‘ಸ್ಕೇರ್ಸಿಟಿ’ 2013ರಲ್ಲಿ ಬಂತು. ಪುಸ್ತಕದ ಹೃದಯ ಇಷ್ಟು: ಕೊರತೆ ಅನ್ನೋದು ಜೇಬನ್ನಷ್ಟೇ ಅಲ್ಲ, ತಲೆಯನ್ನೂ ಖಾಲಿ ಮಾಡುತ್ತೆ. ನಾಳೆಯ ಬಡ್ಡಿ, ಮಗಳ ಫೀಸು, ಅಂಗಡಿಯ ಸಾಲ, ಇವೆಲ್ಲ ಹಿಂದೆ ಓಡ್ತಾ ಇರೋ ಪ್ರೋಸೆಸ್ಸುಗಳು. ಅವು ಮೆಮೊರಿ ತಿಂದುಬಿಟ್ಟಿರುತ್ತವೆ, ಮುಂದೆ ನಡೀಬೇಕಾದ ಕೆಲಸ ನಿಧಾನವಾಗುತ್ತೆ. ಲೇಖಕರು ಬಳಸೋ ಪದವೇ ‘ಬ್ಯಾಂಡ್‌ವಿಡ್ತ್’. ಸಾಫ್ಟ್‌ವೇರಿನವರಿಗೆ ಇದಕ್ಕಿಂತ ಸಲೀಸಾಗಿ ಹೇಳೋಕೆ ಸಾಧ್ಯವೇ ಇಲ್ಲ.

ಅದೇ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಇವರಿಬ್ಬರೂ ಆನಂದಿ ಮಣಿ ಮತ್ತು ಜಿಯಾಯಿಂಗ್ ಝಾವೊ ಜೊತೆ ಸೇರಿ ಬರೆದ ಲೇಖನ ಪ್ರಕಟವಾಯ್ತು. ಅದರಲ್ಲಿ ಎರಡು ಜಾಗ ಇದೆ. ಮೊದಲನೆಯದು ಅಮೆರಿಕದ ನ್ಯೂಜೆರ್ಸಿಯ ಒಂದು ಮಾಲ್. ಅಲ್ಲಿಗೆ ಬಂದವರಿಗೆ ಒಂದು ಕಲ್ಪನೆಯ ಕಷ್ಟ ಕೊಟ್ಟರು: ನಿಮ್ಮ ಕಾರು ಕೆಟ್ಟಿದೆ, ರಿಪೇರಿಗೆ ಇಷ್ಟು ಡಾಲರ್ ಆಗುತ್ತೆ, ಏನ್ಮಾಡ್ತೀರಿ? ಕೆಲವರಿಗೆ 150 ಡಾಲರ್ ಅಂತ, ಕೆಲವರಿಗೆ 1500 ಅಂತ. ಆಮೇಲೆ ಬುದ್ಧಿ ಅಳೆಯೋ ಆಕೃತಿಗಳ ಒಗಟು. ಮೊತ್ತ ದೊಡ್ಡದಿದ್ದಾಗ ಕಡಿಮೆ ಆದಾಯದವರು ಹೆಚ್ಚು ತಪ್ಪು ಮಾಡಿದರು, ಹೆಚ್ಚು ಆದಾಯದವರಿಗೆ ವ್ಯತ್ಯಾಸವೇ ಆಗಲಿಲ್ಲ.

ಮಾಲ್‌ನ ಲಾಭ ಏನಂದ್ರೆ ಎಲ್ಲವೂ ಸಂಶೋಧಕರ ಕೈಲಿರುತ್ತೆ. ಯಾರಿಗೆ 150, ಯಾರಿಗೆ 1500 ಅನ್ನೋದನ್ನ ಚೀಟಿ ಎತ್ತಿ ತೀರ್ಮಾನಿಸಬಹುದು. ನಷ್ಟ ಏನಂದ್ರೆ ಅಲ್ಲಿ ಕಾರೂ ಕೆಟ್ಟಿಲ್ಲ, ಕಷ್ಟವೂ ಇಲ್ಲ. ಅಷ್ಟೇ ಅಲ್ಲ, ಬಡವರನ್ನೂ ಶ್ರೀಮಂತರನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದಾಗ ಓದು, ಆರೋಗ್ಯ, ಬೆಳೆದ ಮನೆ ಎಲ್ಲವೂ ಬೇರೆ ಬೇರೆ ಇರುತ್ತೆ.

ಅದಕ್ಕೇ ಎರಡನೇ ಜಾಗ, ತಮಿಳುನಾಡಿನ ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಕಡೆಯ 54 ಹಳ್ಳಿ, 464 ಕಬ್ಬು ಬೆಳೆಗಾರರು. ಕಬ್ಬಿನವರಿಗೆ ವರ್ಷದ ದುಡ್ಡು ಹೆಚ್ಚುಕಡಿಮೆ ಒಂದೇ ಸಲ ಬರುತ್ತೆ. ಕಟಾವಿಗೆ ಮುಂಚೆ ಕೈ ಖಾಲಿ, ಒಡವೆ ಅಡವು ಅಂಗಡಿಯಲ್ಲಿ. ಕಟಾವಾದ ಮೇಲೆ ಕೈತುಂಬ ದುಡ್ಡು. ಅಂದ್ರೆ ಅದೇ ಮನುಷ್ಯನನ್ನ ಬಡವನಾಗಿದ್ದಾಗ ಒಂದು ಸಲ, ಅನುಕೂಲವಾಗಿದ್ದಾಗ ಇನ್ನೊಂದು ಸಲ ಪರೀಕ್ಷೆ ಮಾಡಬಹುದು. ಅವನ ಓದೂ ಬದಲಾಗಿಲ್ಲ, ಜಾತಿಯೂ ಬದಲಾಗಿಲ್ಲ. ಜೊತೆಗೆ, ಕಾರ್ಖಾನೆಗಳು ಎಲ್ಲರ ಕಬ್ಬನ್ನೂ ಒಂದೇ ದಿನ ಅರೆಯೋಕಾಗಲ್ಲವಾದ್ದರಿಂದ ಕಟಾವಿನ ಸರದಿ ತಿಂಗಳುಗಟ್ಟಲೆ ಹರಡಿಕೊಂಡಿರುತ್ತೆ. ಹಾಗಾಗಿ ಇದು ಹಬ್ಬದ ಪರಿಣಾಮ, ಇದು ಬಿಸಿಲಿನ ಪರಿಣಾಮ ಅಂತ ತಳ್ಳಿಹಾಕೋಕೂ ಆಗಲ್ಲ. ಕಟಾವಿಗೆ ಮುಂಚೆ ಅದೇ ರೈತರು ಒಗಟಿನಲ್ಲಿ ಸ್ಪಷ್ಟವಾಗಿ ಹಿಂದೆ ಬಿದ್ದರು.

ವಿಮರ್ಶಕನಾಗಿ ಹೇಳ್ತೀನಿ, ಇಡೀ ಪುಸ್ತಕದಲ್ಲಿ ಅತ್ಯಂತ ಬುದ್ಧಿವಂತಿಕೆಯ ಕೆಲಸ ಈ ಜಾಗದ ಆಯ್ಕೆ. ಲ್ಯಾಬಿನಲ್ಲಿ ಯಾರನ್ನೂ ಬಡವನನ್ನಾಗಿ ಮಾಡೋಕಾಗಲ್ಲ, ಮಾಡಲೂಬಾರದು. ಕಬ್ಬು ಆ ಕೆಲಸವನ್ನ ತಾನೇ ಮಾಡಿಕೊಡ್ತು. ಬಡವರು ದಡ್ಡರಾಗಿರೋದರಿಂದ ಬಡವರಾಗಿದ್ದಾರೆ ಅನ್ನೋ ಡ್ರಾಯಿಂಗ್ ರೂಮ್ ಮಾತಿಗೆ ಇದಕ್ಕಿಂತ ಗಟ್ಟಿ ಏಟು ನಾನು ಬೇರೆಲ್ಲೂ ಓದಿಲ್ಲ.

ಆದರೆ ಪುಸ್ತಕ ಇಲ್ಲಿಂದ ಒಂದು ಜಿಗಿತ ಹಾಕುತ್ತೆ. ಕಬ್ಬಿನ ರೈತ ಹೋಗಿ ‘ಬಡವ’ ಆಗ್ತಾನೆ, ಬಡವ ಹೋಗಿ ‘ನಾವೆಲ್ಲರೂ’ ಆಗ್ತೀವಿ. ಡೆಡ್‌ಲೈನ್ ಒತ್ತಡದಲ್ಲಿರೋ ಮ್ಯಾನೇಜರೂ, ಡಯಟ್ ಮಾಡ್ತಿರೋರೂ, ಸಾಲದ ರೈತನೂ ಒಂದೇ ನಿಯಮದಡಿ ಬಂದು ಕೂರ್ತಾರೆ. ನನಗೆ ಕಾಲು ಎಡವೋದು ಇಲ್ಲಿ.

ನಾನು ಬೆಳೆದದ್ದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ. ಶಿಂಷಾ ನದಿಯ ಅಣೆಕಟ್ಟು, ತುಂಬಿದಾಗ ತನ್ನಷ್ಟಕ್ಕೆ ತಾನೇ ನೀರು ಹೊರಹಾಕೋ ಸೈಫನ್ನು ನೋಡೋಕೆ ಜನ ಬರ್ತಾರಲ್ಲ, ಅದೇ ಊರು. ನಮ್ಮ ಕಡೆ ದುಡ್ಡು ಬರೋ ರೀತಿಯೇ ಬೇರೆ. ತೆಂಗಿದ್ದವರಿಗೆ ಒಂದೂವರೆ ಎರಡು ತಿಂಗಳಿಗೊಮ್ಮೆ ಕಾಯಿ ಕೆಡವಿದಾಗ ಒಂದಿಷ್ಟು. ಹಸು ಇದ್ದವರಿಗೆ ಡೈರಿ ಬಟವಾಡೆಯ ದಿನ ಒಂದಿಷ್ಟು. ರಾಗಿ ಬಹುತೇಕ ಮನೆಗೇ ಆಗುತ್ತೆ. ಭತ್ತದ ದುಡ್ಡು ನಾಲೆಗೆ ನೀರು ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ. ಕೂಲಿಗೆ ಹೋಗೋರಿಗೆ ಅವತ್ತಿಂದು ಅವತ್ತಿಗೆ. ಇಲ್ಲಿ ‘ಮುಂಚೆ’ ಮತ್ತು ‘ಆಮೇಲೆ’ ಅಂತ ಗೆರೆ ಎಳೆಯೋದು ಎಲ್ಲಿ? ಕೊರತೆ ಇಲ್ಲ ಅಂತಲ್ಲ, ಧಾರಾಳವಾಗಿದೆ. ಆದರೆ ಅದು ವರ್ಷಕ್ಕೊಂದು ಬೆಟ್ಟ ಒಂದು ಕಣಿವೆ ಥರ ಇಲ್ಲ, ಸಣ್ಣ ಸಣ್ಣ ಅಲೆಗಳ ಥರ ಇದೆ. ನಮ್ಮವರ ತಲೆ ತಿನ್ನೋದು ‘ದುಡ್ಡು ಇಲ್ಲ’ ಅನ್ನೋದಕ್ಕಿಂತ ಹೆಚ್ಚಾಗಿ ‘ನೀರು ಬಿಡ್ತಾರೋ ಇಲ್ವೋ’, ‘ಕೊಬ್ಬರಿ ರೇಟು ಏಳುತ್ತೋ ಬೀಳುತ್ತೋ’ ಅನ್ನೋದು. ಕೊರತೆ ಒಂದು, ಅನಿಶ್ಚಿತತೆ ಇನ್ನೊಂದು. ವಿಲ್ಲುಪುರಂನ ಕಬ್ಬಿನ ಗದ್ದೆಯಲ್ಲಿ ನಿಂತರೆ ಮೊದಲನೆಯದು ಚೆನ್ನಾಗಿ ಕಾಣುತ್ತೆ, ಎರಡನೆಯದು ಮಸುಕಾಗುತ್ತೆ. ಪ್ರಯೋಗವನ್ನ ಸಾಧ್ಯ ಮಾಡಿದ ಗುಣವೇ ಅದರ ಮಿತಿಯೂ ಹೌದು.

ಇದು ನನ್ನ ಊರಿನ ಮೇಲಿನ ಅಭಿಮಾನದ ಮಾತಲ್ಲ. 2016ರಲ್ಲಿ ಕರ್ವಾಲೊ, ಮೈಯರ್ ಮತ್ತು ವಾಂಗ್ ಅನ್ನೋ ಅರ್ಥಶಾಸ್ತ್ರಜ್ಞರು ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನ ಅಮೆರಿಕದ ಕಡಿಮೆ ಆದಾಯದ ಮನೆಗಳಲ್ಲಿ ಕೇಳಿದರು. ಕಟಾವಿನ ಬದಲು ಸಂಬಳದ ದಿನ. ಸಂಬಳಕ್ಕೆ ಸ್ವಲ್ಪ ಮುಂಚೆ ಕೆಲವರನ್ನ, ಸಂಬಳ ಆದಮೇಲೆ ಕೆಲವರನ್ನ ಪರೀಕ್ಷೆ ಮಾಡಿದರು. ಯೋಚನಾಶಕ್ತಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹಾಗಂತ ಕಬ್ಬಿನ ಅಧ್ಯಯನ ಸುಳ್ಳಾಯ್ತಾ? ಹಾಗೇನಿಲ್ಲ. ಹದಿನೈದು ದಿನದಲ್ಲಿ ದುಡ್ಡು ಬಂದೇ ಬರುತ್ತೆ ಅಂತ ಗೊತ್ತಿರೋನ ಕೊರತೆ ಬೇರೆ, ವರ್ಷವಿಡೀ ಕಾದವನ ಕೊರತೆ ಬೇರೆ. ತಿಂಗಳ 28ನೇ ತಾರೀಕು ಕ್ರೆಡಿಟ್ ಕಾರ್ಡ್ ಹಿಡಕೊಂಡು ಓಡಾಡೋ ನಮಗೆ ಇದು ಅರ್ಥವಾಗಬೇಕು. ಎರಡೂ ನಿಜ, ಎರಡೂ ಅವುಗಳ ಜಾಗದಲ್ಲಿ ನಿಜ. ಜಾಗದ ಹೆಸರು ಅಳಿಸಿಬಿಟ್ಟರೆ ಮಾತ್ರ ಎರಡೂ ಜಗಳಕ್ಕೆ ನಿಲ್ಲುತ್ತವೆ.

ಇಲ್ಲೀವರೆಗಿನದು ಪುಸ್ತಕದ ಚರ್ಚೆ ಅಂತ ಅನ್ನಿಸಬಹುದು. ಜಾಗದ ಆಯ್ಕೆ ಒಂದು ಮಗುವಿನ ಬದುಕಿಗೇ ತಾಗೋ ಕಡೆಗೆ ಬರ್ತೀನಿ. ಧಾರವಾಡಕ್ಕೆ.

ವಿ. ವಿ. ಕಾಮತ್ ಅನ್ನೋ ಶಿಕ್ಷಣತಜ್ಞರು 1930ರ ದಶಕದಲ್ಲಿ, ಆಗಿನ ಮುಂಬೈ ಪ್ರಾಂತ್ಯದ ಧಾರವಾಡದ ಕಡೆ, ಬಿನೆ ಬುದ್ಧಿಪರೀಕ್ಷೆಯನ್ನ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. 1940ರಲ್ಲಿ ಅದರ ಪುಸ್ತಕವೂ ಬಂತು. ಅಮೆರಿಕದ ಮಕ್ಕಳ ಅಳತೆಗೋಲು ನಮ್ಮ ಮಕ್ಕಳಿಗೆ ಬೇಡ, ನಮ್ಮ ಮಕ್ಕಳನ್ನ ನಮ್ಮ ಮಕ್ಕಳ ಜೊತೆಗೇ ಹೋಲಿಸೋಣ ಅನ್ನೋ ಆ ನಿರ್ಧಾರ ಆ ಕಾಲಕ್ಕೆ ಎಷ್ಟು ಧೈರ್ಯದ್ದು ಅಂತ ಯೋಚಿಸಿ. ಕನ್ನಡದ ನೆಲದಲ್ಲಿ ಹುಟ್ಟಿದ ಈ ‘ಬಿನೆ–ಕಾಮತ್ ಪರೀಕ್ಷೆ’ ಭಾರತದ ಕ್ಲಿನಿಕ್ಕುಗಳಲ್ಲಿ ದಶಕಗಟ್ಟಲೆ ಬಳಕೆಯಾಯ್ತು. ಬುದ್ಧಿಮಾಂದ್ಯತೆಯ ಪ್ರಮಾಣಪತ್ರ ಕೊಡುವಾಗಲೂ ಅದನ್ನೇ ಬಳಸ್ತಿದ್ದರು.

ಕಾಮತರ ಕೆಲಸಕ್ಕೆ ನಾನು ತಲೆಬಾಗ್ತೀನಿ. ಸಮಸ್ಯೆ ಆಮೇಲಿನವರದು. ಒಂದು ಊರಿನಲ್ಲಿ, ಒಂದು ಕಾಲದಲ್ಲಿ ಮಾಡಿದ ಗೋಲನ್ನ ನಾವು ಎಲ್ಲ ಊರಿಗೂ, ಎಲ್ಲ ಕಾಲಕ್ಕೂ ಹಿಡಿದೆವು. ಐವತ್ತು ಅರವತ್ತು ವರ್ಷ ಆದಮೇಲೆ, ಟಿವಿ ನೋಡಿ ಬೆಳೆದ ಮಗುವನ್ನ ಬ್ರಿಟಿಷರ ಕಾಲದ ಧಾರವಾಡದ ಮಗುವಿನ ಪಕ್ಕ ನಿಲ್ಲಿಸಿ ಅಳೆದರೆ ಬರೋ ಅಂಕಕ್ಕೆ ಏನರ್ಥ? ಆ ಅಂಕದ ಮೇಲೆ ಪಿಂಚಣಿ, ವಿದ್ಯಾರ್ಥಿವೇತನ, ಶಾಲೆಯ ರಿಯಾಯಿತಿ ನಿಂತಿರುತ್ತೆ. ನಾವು ಕೋಡಿನಲ್ಲಿ ಒಂದು ಸಂಖ್ಯೆಯನ್ನ ಹಾರ್ಡ್‌ಕೋಡ್ ಮಾಡಿದರೆ ರಿವ್ಯೂನಲ್ಲಿ ಬೈಸಿಕೊಳ್ತೀವಿ. ಇಲ್ಲಿ ಒಂದಿಡೀ ಜಿಲ್ಲೆಯ ಬಾಲ್ಯವನ್ನೇ ಹಾರ್ಡ್‌ಕೋಡ್ ಮಾಡಿ ಮರೆತುಬಿಟ್ಟರು.

ಓದಿನ ವಿಷಯವೂ ಇದೇ. ಮಗು ಓದೋದನ್ನ ಹೇಗೆ ಕಲಿಯುತ್ತೆ ಅನ್ನೋ ಸಿದ್ಧಾಂತಗಳು ಹೆಚ್ಚಾಗಿ ಕಟ್ಟಿದ್ದು ಇಂಗ್ಲಿಷ್ ಮಕ್ಕಳ ಮೇಲೆ. ಅಲ್ಲಿ ಇರೋದು 26 ಅಕ್ಷರ. ನಮ್ಮ ಮಗುವಿಗೆ ವರ್ಣಮಾಲೆ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ. ಲೆಕ್ಕ ನೂರುಗಳಲ್ಲಿ. ಸೊನಾಲಿ ನಾಗ್ ಕನ್ನಡ ಮಕ್ಕಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನೇ: ಕನ್ನಡದ ಅಕ್ಷರಗಳ ಮೇಲೆ ಹಿಡಿತ ಬರೋಕೆ ಇಂಗ್ಲಿಷ್ ಮಕ್ಕಳಿಗಿಂತ ಹೆಚ್ಚು ವರ್ಷ ಬೇಕು, ನಾಲ್ಕನೇ ಕ್ಲಾಸಿನಲ್ಲೂ ಕಲಿಕೆ ನಡೀತಾನೇ ಇರುತ್ತೆ. ಈ ಅಧ್ಯಯನ ಲಂಡನ್ನಿನಲ್ಲಿ ಮಾಡೋಕೆ ಆಗ್ತಿರಲಿಲ್ಲ. ಇದು ಗೊತ್ತಿಲ್ಲದ ಊರಿನಲ್ಲಿ ಏನಾಗುತ್ತೆ ಅಂದ್ರೆ, ಎರಡನೇ ಕ್ಲಾಸಿನಲ್ಲಿ ‘ಸ್ತ್ರೀ’ ಅಂತ ಓದೋಕೆ ತಡವರಿಸೋ ಮಗುವಿಗೆ ದಡ್ಡ ಅನ್ನೋ ಪಟ್ಟ ಸಿಗುತ್ತೆ.

ಹಾಗಾದ್ರೆ ಹಳ್ಳಿಯನ್ನ ಆರಿಸಿಕೊಂಡರೆ ಮುಗೀತಾ? ಅಲ್ಲೂ ಒಂದು ಪ್ರಶ್ನೆ ಉಳಿಯುತ್ತೆ. ಯಾವ ಕೇರಿ? ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ‘ರಾಂಪುರ’ದಲ್ಲಿ ಉಳಿದದ್ದು ಊರಿನ ಪಟೇಲರ ಆಶ್ರಯದಲ್ಲಿ. ಅವರು ಸಮಾಜಶಾಸ್ತ್ರಜ್ಞರು, ನಿಜ, ಆದರೆ ಪಾಠ ಎಲ್ಲರಿಗೂ ಒಂದೇ. ಪಟೇಲರ ಮನೆಯ ನೆರಳು ಊರಿನ ಬಾಗಿಲನ್ನ ತೆರೆಸುತ್ತೆ, ಅದೇ ನೆರಳು ಕೆಲವು ಬಾಗಿಲನ್ನ ಮುಚ್ಚಿಸುತ್ತೆ. ಮೇಲ್ಜಾತಿಯವರ ನಡುವೆ ಕೂತು ಊರನ್ನ ನೋಡಿದೆ ಅನ್ನೋದನ್ನ ಶ್ರೀನಿವಾಸರು ಮುಚ್ಚಿಡಲಿಲ್ಲ, ಅದಕ್ಕೇ ಅವರ ಪುಸ್ತಕವನ್ನ ಇವತ್ತೂ ನಂಬಿ ಓದಬಹುದು. ಇವತ್ತು ಟ್ಯಾಬ್ ಹಿಡಿದು ಸರ್ವೆಗೆ ಬರೋ ಹುಡುಗರು ಪಂಚಾಯ್ತಿ ಆಫೀಸಿನ ಮುಂದಿನ ಅರಳಿಕಟ್ಟೆಯಲ್ಲೇ ಫಾರಂ ತುಂಬಿಸಿಕೊಂಡು ಹೋಗಿಬಿಡ್ತಾರೆ. ಅರಳಿಕಟ್ಟೆಯ ಮೇಲೆ ಯಾರು ಕೂರ್ತಾರೆ, ಯಾರು ಕೂರಲ್ಲ ಅನ್ನೋದು ಊರಿನವರಿಗೆ ಗೊತ್ತು.

ಜಾಗದ ಬೆಲೆ ಪೂರ್ತಿ ಕೊಟ್ಟ ಒಂದು ಉದಾಹರಣೆ ನಮ್ಮ ಪಕ್ಕದ ತಾಲ್ಲೂಕಿನಲ್ಲೇ ಇದೆ.

ಬೆಂಗಳೂರಿನ ನಿಮ್ಹಾನ್ಸ್ ದೊಡ್ಡ ಆಸ್ಪತ್ರೆ. ಅಲ್ಲಿ ಕೂತು ಸ್ಕಿಜೋಫ್ರೇನಿಯಾ ಅಧ್ಯಯನ ಮಾಡೋದು ಸುಲಭ. ರೋಗಿಗಳು ತಾವೇ ಬರ್ತಾರೆ, ಯಂತ್ರಗಳಿವೆ, ಕಡತಗಳಿವೆ, ತಜ್ಞರು ಕಾರಿಡಾರಿನಲ್ಲೇ ಸಿಗ್ತಾರೆ. ಆದರೆ ಆಸ್ಪತ್ರೆಗೆ ಬಂದವರು ಅಂದ್ರೆ ಯಾರು? ಕರ್ಕೊಂಡು ಬರೋಕೆ ಮನೆಯಲ್ಲಿ ಜನ ಇದ್ದವರು, ಬಸ್ ಚಾರ್ಜಿಗೆ ದುಡ್ಡು ಇದ್ದವರು, ಇದು ಕಾಯಿಲೆ ಅಂತ ಒಪ್ಪಿಕೊಂಡವರು. ಬರದೇ ಇರೋನು ಅಂಕಿಅಂಶದಲ್ಲೇ ಇಲ್ಲ. ಈ ಕೊರತೆ ನಿಮ್ಹಾನ್ಸಿನವರಿಗೆ ಬಹಳ ಹಿಂದೆಯೇ ಕಂಡಿತ್ತು. 1970ರ ದಶಕದಲ್ಲಿ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಗ್ರಾಮೀಣ ಘಟಕ ಶುರು ಮಾಡಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯನ್ನ ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟರೆ ಮಾನಸಿಕ ಚಿಕಿತ್ಸೆ ನಡೆಯುತ್ತಾ ಅಂತ ನೋಡಿದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಆಮೇಲೆ ಶಿವಮೊಗ್ಗದ ತೀರ್ಥಹಳ್ಳಿ, ನಂತರ ನಮ್ಮ ತುಮಕೂರು ಜಿಲ್ಲೆಯ ತುರುವೇಕೆರೆ.

ಈ ತಾಲ್ಲೂಕುಗಳಲ್ಲಿ ಮಾಡಿದ್ದು ಇಷ್ಟು: ಹಳ್ಳಿಯ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಸ್ಕಿಜೋಫ್ರೇನಿಯಾ ಇರೋರನ್ನ ಮನೆ ಹಂತದಲ್ಲೇ ಗುರುತಿಸಿದರು, ಹತ್ತಿರದಲ್ಲೇ ಚಿಕಿತ್ಸೆ ಕೊಟ್ಟರು, ವರ್ಷಗಟ್ಟಲೆ ಹಿಂಬಾಲಿಸಿದರು. ಒಂದು ದಿನವೂ ಔಷಧಿ ಕಾಣದವರು ಅಲ್ಲಿ ಸಿಕ್ಕರು. ಚಿಕಿತ್ಸೆ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸೋದು ಆಗ ಸಾಧ್ಯವಾಯ್ತು. ಚಿಕಿತ್ಸೆಯಲ್ಲಿದ್ದವರ ದಿನನಿತ್ಯದ ಬದುಕು, ಕೆಲಸ ಮಾಡೋ ಶಕ್ತಿ ಉತ್ತಮವಾಗಿತ್ತು. ದೊಡ್ಡಾಸ್ಪತ್ರೆಯ ಕಾರಿಡಾರಿನಲ್ಲಿ ಈ ಹೋಲಿಕೆಯೇ ಹುಟ್ಟಲ್ಲ, ಯಾಕಂದ್ರೆ ಹೋಲಿಕೆಯ ಅರ್ಧ ಮಂದಿ ಇನ್ನೂ ತಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಇರ್ತಾರೆ.

ಇದು ಮನೋವೈದ್ಯಕೀಯ, ಮನಃಶಾಸ್ತ್ರ ಅಲ್ಲ ಅಂತ ತಕರಾರು ಬರಬಹುದು. ಇರಲಿ. ನಾನು ಹೇಳ್ತಿರೋದು ಜಾಗದ ನೀತಿ. ತುರುವೇಕೆರೆಯಂಥ ಕಡೆ ಕಳೆದುಕೊಳ್ಳೋದು ಬಹಳ ಇದೆ. ಬ್ರೈನ್ ಸ್ಕ್ಯಾನ್ ಇಲ್ಲ. ಚೀಟಿ ಎತ್ತಿ ಒಬ್ಬರಿಗೆ ಔಷಧಿ ಕೊಟ್ಟು ಇನ್ನೊಬ್ಬರನ್ನ ಸುಮ್ಮನೆ ನೋಡ್ತಾ ಕೂರೋಕೆ ಮನಸ್ಸಾಕ್ಷಿ ಬಿಡಲ್ಲ, ಹಾಗಾಗಿ ಫಲಿತಾಂಶ ಲ್ಯಾಬಿನಷ್ಟು ಅಚ್ಚುಕಟ್ಟಾಗಿರಲ್ಲ. ಒಂದು ಪೇಪರ್ ಬರೆಯೋಕೆ ಹಿಡಿಯೋ ಕಾಲವೂ ಹೆಚ್ಚು. ಆದರೆ ಕೇಳಿದವರು ಅಲ್ಲೇ ಉಳಿದರು. ಪ್ರಶ್ನೆಯ ಜೊತೆ ಮಾತ್ರೆಯೂ ಬಂತು.

ಇದರ ಪಕ್ಕದಲ್ಲಿ ಇವತ್ತಿನ ಅಗ್ಗದ ಜಾಗವನ್ನ ಇಟ್ಟು ನೋಡಿ. ಅಮೆಜಾನ್ 2005ರಲ್ಲಿ ಮೆಕ್ಯಾನಿಕಲ್ ಟರ್ಕ್ ಅನ್ನೋ ಸೇವೆ ಶುರು ಮಾಡ್ತು. ಕಂಪ್ಯೂಟರ್ ಮುಂದೆ ಕೂತು ಸಣ್ಣಪುಟ್ಟ ಕೆಲಸ ಮಾಡಿ ಚಿಲ್ಲರೆ ಸಂಪಾದಿಸೋ ಜನರ ಸಂತೆ ಅದು. ಕೆಲವೇ ವರ್ಷದಲ್ಲಿ ಮನಃಶಾಸ್ತ್ರದವರಿಗೆ ಅದೇ ಲ್ಯಾಬ್ ಆಯ್ತು. ರಾತ್ರಿ ಪ್ರಶ್ನಾವಳಿ ಹಾಕಿದರೆ ಬೆಳಿಗ್ಗೆ ನೂರಾರು ಉತ್ತರ. ಆ ಸಂತೆಯಲ್ಲಿ ಅಮೆರಿಕ ಬಿಟ್ಟರೆ ಹೆಚ್ಚು ಜನ ಇದ್ದದ್ದು ಭಾರತದವರು. ಅಂಥ ಕಡೆಯಿಂದ ಬಂದ ಉತ್ತರ ಪೇಪರಿನಲ್ಲಿ ‘ಭಾರತೀಯರು’ ಆಗಿಬಿಡುತ್ತೆ. ಯಾವ ಭಾರತೀಯರು? ಇಂಗ್ಲಿಷ್ ಓದಬಲ್ಲ, ಕಂಪ್ಯೂಟರಿರೋ, ಡಾಲರ್ ಪಾವತಿ ಪಡೆಯೋಕೆ ಗೊತ್ತಿರೋ ಭಾರತೀಯರು. ಅಂದ್ರೆ ಬಹುಮಟ್ಟಿಗೆ ನಾನು, ನೀವು, ನಮ್ಮ ಪಿಜಿಯ ರೂಮ್‌ಮೇಟು. ಅಮೆರಿಕದ ಕಾಲೇಜು ಹುಡುಗರು ಮನುಕುಲದ ಪ್ರತಿನಿಧಿಯಾದದ್ದಕ್ಕೆ ನಗ್ತೀವಲ್ಲ, ಈಗ ನಾವು ಭಾರತದ ಪ್ರತಿನಿಧಿಗಳಾಗಿದ್ದೀವಿ. ನಮ್ಮ ಪರವಾಗಿ ಮಾತಾಡೋಕೆ ಯಾರೂ ಇಲ್ಲ ಅಂತಿದ್ದ ಕಾಲ ಹೋಗಿ, ನಾವೇ ಕೇಳದೆ ಇನ್ನೊಬ್ಬರ ಪರವಾಗಿ ಮಾತಾಡೋ ಕಾಲ ಬಂದಿದೆ. ಮಾರ್ಕೋನಹಳ್ಳಿಯಲ್ಲಿ ಹೂವು ಕಟ್ಟೋ ಹೆಂಗಸಿನ ಮನಸ್ಸು ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಎಚ್‌ಎಸ್‌ಆರ್ ಲೇಔಟಿನ ಉತ್ತರ ಸಾಕಾ?

ಆನ್‌ಲೈನ್ ಸಂಶೋಧನೆ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಮಾಲ್ ಬೇಕು, ಲ್ಯಾಬ್ ಬೇಕು, ಕಬ್ಬಿನ ಗದ್ದೆಯೂ ಬೇಕು. ಸ್ಟೇಜಿಂಗ್ ಸರ್ವರಿನಲ್ಲಿ ಟೆಸ್ಟ್ ಮಾಡೋದು ತಪ್ಪಲ್ಲ. ಸ್ಟೇಜಿಂಗಿನಲ್ಲಿ ಪಾಸಾಯ್ತು ಅಂತ ಪ್ರೊಡಕ್ಷನ್ನಿನವರಿಗೆ ಗ್ಯಾರಂಟಿ ಕೊಡೋದು ತಪ್ಪು. ಲ್ಯಾಬಿನಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಅಂತ ಬಿಡಿಸಿ ನೋಡಬಹುದು. ಊರಿನಲ್ಲಿ ಆ ಕಾರಣ ಬದುಕಿನಲ್ಲಿ ಎಷ್ಟು ಮುಖ್ಯ ಅಂತ ಗೊತ್ತಾಗುತ್ತೆ. ಆಸ್ಪತ್ರೆಯಲ್ಲಿ ಕಾಯಿಲೆ ಆಳವಾಗಿ ಕಾಣುತ್ತೆ, ತಾಲ್ಲೂಕಿನಲ್ಲಿ ಅದರ ಹರವು ಕಾಣುತ್ತೆ. ಎಲ್ಲವನ್ನೂ ಒಂದೇ ಕಡೆ ಕೊಡೋ ಜಾಗ ಇಲ್ಲ.

‘ಸ್ಕೇರ್ಸಿಟಿ’ಯನ್ನ ನಾನು ಇವತ್ತೂ ಗೆಳೆಯರಿಗೆ ಓದಿ ಅಂತ ಕೊಡ್ತೀನಿ, ಆದರೆ ವಿಲ್ಲುಪುರಂ ಅನ್ನೋ ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ಕೊಡ್ತೀನಿ. ಮುಂದಿನ ಟ್ರೈನಿಂಗಿನಲ್ಲಿ ‘ಸಂಶೋಧನೆ ಹೇಳುತ್ತೆ’ ಅನ್ನೋ ಮಾತು ಬಂದಾಗ ಕೈ ಎತ್ತಿ ಮೂರು ಪ್ರಶ್ನೆ ಕೇಳಿ. ಎಲ್ಲಿ ಕೇಳಿದ್ದು? ಅಲ್ಲೇ ಯಾಕೆ ಕೇಳಿದ್ದು? ಕೇಳಿ ಆದಮೇಲೆ ಅಲ್ಲಿಯವರಿಗೆ ಏನು ಬಿಟ್ಟು ಬಂದರು? ಮೊದಲನೆಯದಕ್ಕೆ ಉತ್ತರ ಗೂಗಲ್ ಮಾಡಿದರೆ ಸಿಗುತ್ತೆ, ಎರಡನೆಯದಕ್ಕೆ ಪೇಪರ್ ಪೂರ್ತಿ ಓದಬೇಕಾಗುತ್ತೆ. ಮೂರನೆಯದಕ್ಕೆ ಉತ್ತರ ಬೇಕಂದ್ರೆ ಬಸ್ ಹತ್ತಿ ಆ ಊರಿಗೇ ಹೋಗಬೇಕು.